ವಿದ್ಯುತ್ ಉಪಕರಣಗಳ ಸುರಕ್ಷತೆ: ವರ್ತಕರ ಹೊಣೆಗಾರಿಕೆ

ವಿದ್ಯುತ್ ಉಪಕರಣಗಳ ಗುಣಮಟ್ಟಕ್ಕೆ ಉತ್ಪಾದಕರಷ್ಟೇ ಹೊಣೆಗಾರರು, ಮಾರುವವರಿಗೆ ಅದು ಸಂಬಂಧಿಸಿದ್ದಲ್ಲ ಎಂಬ ಭಾವನೆ ವರ್ತಕ ವಲಯದಲ್ಲಿ ಇಂದಿಗೂ ಇದೆ. ಆದರೆ ಕಾನೂನಿನ ನಿಲುವು ಬೇರೆ. 2017ರ ಅಕ್ಟೋಬರ್ 12ರಂದು ಜಾರಿಗೆ ಬಂದ ಭಾರತೀಯ ಮಾನಕ ಬ್ಯೂರೋ ಕಾಯಿದೆ, 2016ರ 17ನೆಯ ಕಲಂ ಪ್ರಕಾರ, ಕಡ್ಡಾಯ ಗುರುತಿಗೆ ಒಳಪಟ್ಟ ಸರಕನ್ನು ಆ ಗುರುತಿಲ್ಲದೆ ತಯಾರಿಸುವುದು, ಆಮದು ಮಾಡುವುದು, ವಿತರಿಸುವುದು, ಮಾರುವುದು ಮಾತ್ರವಲ್ಲದೆ, ದಾಸ್ತಾನು ಇಡುವುದು ಮತ್ತು ಮಾರಾಟಕ್ಕಾಗಿ ಪ್ರದರ್ಶಿಸುವುದು ಸಹ ನಿಷಿದ್ಧ. 2016ರ ಕಾಯಿದೆಯು ಇದರ ಉಲ್ಲಂಘನೆಗೆ ಎರಡು ವರ್ಷದವರೆಗೆ ಸೆರೆವಾಸವನ್ನಾಗಲಿ, ಮೊದಲ ಸಲ ಕನಿಷ್ಠ 2 ಲಕ್ಷ, ಮರುಕಳಿಸಿದರೆ ಕನಿಷ್ಠ 5 ಲಕ್ಷ ರೂಪಾಯಿ ದಂಡವನ್ನಾಗಲಿ, ಅಥವಾ ಎರಡನ್ನೂ ವಿಧಿಸಿತು. ದಂಡವು ಸರಕಿನ ಮೌಲ್ಯದ ಹತ್ತು ಪಟ್ಟಿನವರೆಗೂ ಏರಬಹುದೆಂದು ತಿಳಿಸಿತು.

ಯಾವ ಸರಕುಗಳು?

ಕಡ್ಡಾಯ ಸರಕುಗಳನ್ನು ಕೇಂದ್ರ ಸರ್ಕಾರವು ಗುಣಮಟ್ಟ ನಿಯಂತ್ರಣ ಆದೇಶಗಳ ಮೂಲಕ ನಿರ್ದಿಷ್ಟಪಡಿಸುತ್ತದೆ. 2003ರ ಆದೇಶವು ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಇಮ್ಮರ್ಷನ್ ಹೀಟರ್, ಗೀಸರ್, ಪಿ.ವಿ.ಸಿ. ತಂತಿ, ಸ್ವಿಚ್ಚು ಮೊದಲಾದವುಗಳನ್ನು ಒಳಗೊಂಡಿತ್ತು. ಪ್ರತ್ಯೇಕ ಆದೇಶವಿಲ್ಲದ ಗೃಹಬಳಕೆ ಹಾಗೂ ವಾಣಿಜ್ಯ ಉಪಕರಣಗಳನ್ನೂ ಒಂದೇ ಸುರಕ್ಷತಾ ಚೌಕಟ್ಟಿಗೆ ತರುವ ಉದ್ದೇಶದಿಂದ 2024ರಲ್ಲಿ ಆದೇಶವೊಂದು ಹೊರಟು, ಅದರ ಸ್ಥಾನದಲ್ಲಿ 2025ರ ಆದೇಶ ಬಂದಿತು. ಜಾರಿಯ ದಿನಾಂಕಗಳು ಹಲವು ಬಾರಿ ಬದಲಾಗುವುದರಿಂದ ಇತ್ತೀಚಿನ ಅಧಿಸೂಚನೆಯನ್ನು ನೋಡಿಯೇ ಮುಂದುವರಿಯಬೇಕು.

ಗುರುತುಗಳು ಎರಡು

ಮೊದಲನೆಯದು ಐ.ಎಸ್.ಐ. ಗುರುತು. ಕಾರ್ಖಾನೆಯ ತಪಾಸಣೆ ಮತ್ತು ಮಾದರಿಯ ಪರೀಕ್ಷೆಯ ನಂತರ ಇದಕ್ಕೆ ಲೈಸೆನ್ಸ್ ದೊರೆಯುತ್ತದೆ. ಗುರುತಿನ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ, ಕೆಳಭಾಗದಲ್ಲಿ 'ಸಿ.ಎಂ./ಎಲ್.' ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆ ಇರತಕ್ಕದ್ದು. ಎರಡನೆಯದು, ಮೊಬೈಲ್ ಚಾರ್ಜರ್, ಅಡಾಪ್ಟರ್ ಮುಂತಾದ ಎಲೆಕ್ಟ್ರಾನಿಕ್ ಸರಕುಗಳಿಗೆ 2012ರ ಆದೇಶದಿಂದ ಆರಂಭವಾದ ಕಡ್ಡಾಯ ನೋಂದಣಿ. ಇಲ್ಲಿ ಪ್ರಯೋಗಾಲಯದ ಪರೀಕ್ಷಾ ವರದಿ ಹಾಗೂ ಉತ್ಪಾದಕರ ಸ್ವಯಂಘೋಷಣೆ ಆಧಾರ. ಸರಕಿನ ಮೇಲೆ 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ.

ಖರೀದಿಗೆ ಮುನ್ನ

ಗುರುತು ಅಚ್ಚಾಗಿದ್ದ ಮಾತ್ರಕ್ಕೆ ಸರಕು ಸಕ್ರಮವೆಂದು ಭಾವಿಸಲಾಗದು. ಲೈಸೆನ್ಸ್ ಒಂದು ನಿರ್ದಿಷ್ಟ ಕಾರ್ಖಾನೆಗೆ, ನಿರ್ದಿಷ್ಟ ಉತ್ಪನ್ನಕ್ಕೆ ಮಾತ್ರ ಅನ್ವಯಿಸುತ್ತದೆ. ಇಸ್ತ್ರಿಪೆಟ್ಟಿಗೆಗೆ ಪಡೆದ ಲೈಸೆನ್ಸ್ ಗೀಸರಿಗೆ ಸಲ್ಲದು. ಬ್ಯೂರೋದ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಸಂಖ್ಯೆಯನ್ನು ನಮೂದಿಸಿ, ಉತ್ಪಾದಕರ ಹೆಸರು, ಉತ್ಪನ್ನ ಮತ್ತು ಲೈಸೆನ್ಸಿನ ಊರ್ಜಿತತೆಯನ್ನು ತಾಳೆನೋಡಬೇಕು. ಲೈಸೆನ್ಸಿನ ಪ್ರತಿಯನ್ನು ಖರೀದಿ ಬಿಲ್ಲಿನೊಂದಿಗೆ ಕಡತದಲ್ಲಿಡುವುದು ಉಚಿತ. ಜಿ.ಎಸ್.ಟಿ. ಪಾವತಿಸಿದ ಬಿಲ್ಲು ಇದ್ದರೂ ಗುರುತಿಲ್ಲದ ಸರಕು ಸಕ್ರಮವಾಗದು.

ಲೆಕ್ಕಪತ್ರದ ದೃಷ್ಟಿ

ಮಾರಲು ಅವಕಾಶವಿಲ್ಲದ ದಾಸ್ತಾನನ್ನು ಖರೀದಿ ಬೆಲೆಯಲ್ಲಿ ತೋರಿಸುವುದು ಲೆಕ್ಕಪತ್ರ ಮಾನಕಕ್ಕೆ ವಿರುದ್ಧ. ಖರೀದಿ ವೆಚ್ಚ ಮತ್ತು ನಿವ್ವಳ ಮಾರಾಟ ಮೌಲ್ಯಗಳಲ್ಲಿ ಯಾವುದು ಕಡಿಮೆಯೋ ಅದನ್ನೇ ತೋರಿಸಬೇಕು. ಸರಕನ್ನು ನಾಶಪಡಿಸಿದರೆ ಅಥವಾ ಲೆಕ್ಕದಿಂದ ತೆಗೆದುಹಾಕಿದರೆ, ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಂ ಮೇರೆಗೆ ಅದರ ಹೂಡುವಳಿ ತೆರಿಗೆಯ ಜಮೆಯೂ ದೊರೆಯದು. ಅಗ್ಗದ ಸರಕಿನಿಂದ ಬಂದ ಲಾಭ ಹೀಗೆ ಒಮ್ಮೆಲೇ ಕರಗಿಹೋಗುತ್ತದೆ.

ಸಣ್ಣ ಉತ್ಪಾದಕರಿಗೆ

ಇತ್ತೀಚಿನ ಹಲವು ಆದೇಶಗಳಲ್ಲಿ ಸಣ್ಣ ಉದ್ಯಮಗಳಿಗೆ ಮೂರು ತಿಂಗಳು, ಅತಿಸಣ್ಣ ಉದ್ಯಮಗಳಿಗೆ ಆರು ತಿಂಗಳು ಹೆಚ್ಚಿನ ಕಾಲಾವಕಾಶ ನೀಡಲಾಗಿದೆ. ಈ ಅವಧಿ ಪರೀಕ್ಷೆಗೂ ಲೈಸೆನ್ಸಿಗೂ ಬಳಕೆಯಾಗಬೇಕೇ ಹೊರತು ಹಳೆಯ ಪದ್ಧತಿಯನ್ನೇ ಮುಂದುವರಿಸಲು ಅಲ್ಲ. ಬೆಂಗಳೂರಿನ ಪೀಣ್ಯದಲ್ಲಿರುವ ಬ್ಯೂರೋದ ಶಾಖಾ ಕಚೇರಿಯಿಂದ ಮಾರ್ಗದರ್ಶನ ಪಡೆಯಬಹುದು. ಉಷ್ಣತೆ, ಸೋರುವ ವಿದ್ಯುತ್ತು, ಅರ್ಥಿಂಗ್ ಮುಂತಾದ ಪರೀಕ್ಷೆಗಳಿಗೆ ತಗಲುವ ವೆಚ್ಚವನ್ನು ಉತ್ಪಾದನಾ ವೆಚ್ಚದ ಭಾಗವೆಂದೇ ಪರಿಗಣಿಸಿ ಬೆಲೆ ನಿಗದಿಪಡಿಸುವುದು ಲೇಸು. ಆ ಪರೀಕ್ಷೆಗಳು ಕಾಯುವುದು ಗ್ರಾಹಕರ ಪ್ರಾಣವನ್ನು.