ಅಪ್ಪಟ ತಳಿಯ ಬೆಲೆ ಎಷ್ಟು?

ಮಕ್ಕಳೇ, "ಇದು ಅಪ್ಪಟ ಜಾತಿ ನಾಯಿ, ಕಲಬೆರಕೆ ಇಲ್ಲ" ಎಂದು ನಾಯಿ ಸಾಕುವವರು ಹೆಮ್ಮೆಯಿಂದ ಹೇಳೋದನ್ನ ನೀವು ಕೇಳಿರುತ್ತೀರಿ. ಕಲಬೆರಕೆ ಇಲ್ಲ ಅಂದರೆ ಏನರ್ಥ? ಆ ನಾಯಿಯ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರೂ ಒಂದೇ ತಳಿಯವರು ಅಂತ. ಕೆಲವು ಸಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವರೆಲ್ಲ ಒಂದೇ ಮನೆತನದವರು ಅಂತಲೂ ಆಗುತ್ತೆ. ಇದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ಎರಡನ್ನೂ ಲೆಕ್ಕ ಹಾಕಿ ನೋಡೋಣ.

ಲೈನ್‌ಬ್ರೀಡಿಂಗ್ ಅಂದರೇನು?

ಒಬ್ಬರ ಹತ್ತಿರ ತುಂಬಾ ಒಳ್ಳೆಯ ಗಂಡು ನಾಯಿ ಇದೆ ಅಂದುಕೊಳ್ಳಿ. ಓಟದಲ್ಲಿ ಮುಂದು, ಕಾವಲಿಗೆ ಗಟ್ಟಿ. ಅದರ ಗುಣ ಕೈತಪ್ಪಿ ಹೋಗಬಾರದು ಎಂದು ಅದರ ಮೊಮ್ಮಕ್ಕಳು, ಮರಿಮೊಮ್ಮಕ್ಕಳ ನಡುವೆಯೇ ಜೋಡಿ ಮಾಡಿಸುತ್ತಾರೆ. ಇದೇ ಲೈನ್‌ಬ್ರೀಡಿಂಗ್. ಅಪ್ಪ-ಮಗಳು, ಅಣ್ಣ-ತಂಗಿ ಜೋಡಿಯಾದರೆ ಅದು ತೀರಾ ಹತ್ತಿರದ ಒಳಸಂಕರಣ. ಲೈನ್‌ಬ್ರೀಡಿಂಗ್ ಅದರದೇ ಸ್ವಲ್ಪ ಮೆದುವಾದ ರೂಪ. ಎರಡೂ ಬೇರೆ ಬೇರೆ ವಿದ್ಯೆಗಳಲ್ಲ, ವ್ಯತ್ಯಾಸ ಇರೋದು ಪ್ರಮಾಣದಲ್ಲಿ ಮಾತ್ರ.

ಲಾಭ ಏನು?

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ. ಉದ್ದ ಮೂತಿ, ಒಳಗೆ ಸೇರಿದ ಹೊಟ್ಟೆ, ನೀಳವಾದ ಕಾಲು. ನೂರು ಮರಿ ನೋಡಿದರೂ ಇದು ಮುಧೋಳದ್ದೇ ಎಂದು ಗುರುತಿಸಬಹುದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ಹೊರಡಿಸಿದಾಗ ಅದರಲ್ಲಿ ನಮ್ಮ ತಮಿಳುನಾಡಿನ ರಾಜಪಾಳಯಂ ನಾಯಿಯ ಜೊತೆಗೆ ಮುಧೋಳವೂ ಇತ್ತು. ಗುಣವಿರುವ ನಾಯಿಗಳನ್ನು ಆರಿಸಿ, ತಳಿಯೊಳಗೇ ಜೋಡಿ ಮಾಡಿಸುತ್ತಾ ಬಂದಿದ್ದರಿಂದಲೇ ಇಂಥ ಒಂದೇ ರೂಪ ನಿಲ್ಲುತ್ತದೆ. ಮರಿ ಬೆಳೆದ ಮೇಲೆ ಹೇಗಿರುತ್ತೆ ಅಂತ ಮೊದಲೇ ಹೇಳಬಹುದು. ಉಳಿದಿರುವ ನಾಯಿಗಳೇ ಕೆಲವು ಎನ್ನುವಾಗ ತಳಿಯನ್ನು ಉಳಿಸಿಕೊಳ್ಳಲು ಬೇರೆ ದಾರಿಯೂ ಇರೋದಿಲ್ಲ.

ಅಪಾಯ ಎಲ್ಲಿ ಅಡಗಿದೆ?

ಮೆಂಡಲ್ ಪಾಠ ನೆನಪಿದೆಯಲ್ಲ? ಪ್ರತಿ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ರೋಗ ತರುವ ಎಷ್ಟೋ ಜೀನುಗಳು ದುರ್ಬಲ ಗುಣದವು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಒಳ್ಳೆಯದಿದ್ದರೆ ನಾಯಿ ಆರೋಗ್ಯವಾಗೇ ಇರುತ್ತೆ. ಅದು ಬರೀ ವಾಹಕ. ಎರಡೂ ಪ್ರತಿ ಕೆಟ್ಟದ್ದೇ ಬಂದಾಗ ರೋಗ ಹೊರಗೆ ಬರುತ್ತೆ.

ಈಗ ಲೆಕ್ಕ. ನಮ್ಮ ಆ ಒಳ್ಳೆಯ ಗಂಡು ನಾಯಿ ಇಂಥದ್ದೊಂದು ವಾಹಕ. ಅದರ ಪ್ರತಿ ಮರಿಗೂ ಕೆಟ್ಟ ಪ್ರತಿ ಹೋಗುವ ಸಂಭವ 1/2. ಬೇರೆ ಬೇರೆ ತಾಯಂದಿರಿಗೆ ಹುಟ್ಟಿದ ಅದರ ಒಂದು ಗಂಡು, ಒಂದು ಹೆಣ್ಣು ಮರಿಯನ್ನು ಮುಂದೆ ಜೋಡಿ ಮಾಡಿಸಿದರೆ, ಎರಡೂ ವಾಹಕವಾಗಿರುವ ಸಂಭವ 1/2 × 1/2 = 1/4. ಎರಡು ವಾಹಕಗಳಿಗೆ ಹುಟ್ಟುವ ಮರಿಗೆ ರೋಗ ಬರುವ ಸಂಭವ 1/4. ಒಟ್ಟು 1/4 × 1/4 = 1/16. ತಾಯಂದಿರಲ್ಲಿ ದೋಷ ಏನೂ ಇರಲಿಲ್ಲ. ಆದರೂ ಹದಿನಾರಕ್ಕೆ ಒಂದು! ಮಕ್ಕಳ ಬದಲು ಮೊಮ್ಮಕ್ಕಳನ್ನು ಜೋಡಿ ಮಾಡಿಸಿದರೆ ಇದು 1/64ಕ್ಕೆ ಇಳಿಯುತ್ತೆ. ದೂರ ಹೋದಷ್ಟೂ ಅಪಾಯ ಕಡಿಮೆ. ಆದರೆ ಪ್ರತಿ ತಲೆಮಾರಿನಲ್ಲೂ ಒಳಗೊಳಗೇ ಜೋಡಿ ಮಾಡಿಸುತ್ತಾ ಹೋದರೆ, ಕಡಿಮೆಯಾದ ಅಪಾಯ ಮತ್ತೆ ಕೂಡುತ್ತಾ ಬರುತ್ತೆ.

ಒಂದು ಪ್ರಾಣಿಯ ಯಾವುದೇ ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭವವನ್ನು ಒಳಸಂಕರಣ ಗುಣಾಂಕ ಎನ್ನುತ್ತಾರೆ. ಇದರ ಲೆಕ್ಕವನ್ನು ಅಮೆರಿಕದ ವಿಜ್ಞಾನಿ ಸೀವಲ್ ರೈಟ್ 1922ರಲ್ಲಿ ಕೊಟ್ಟರು. ಅದರ ಪ್ರಕಾರ:

ಅಪ್ಪ-ಮಗಳು, ಒಡಹುಟ್ಟಿದ ಅಣ್ಣ-ತಂಗಿ: 1/4
ಅಪ್ಪ ಒಬ್ಬನೇ, ತಾಯಿ ಬೇರೆ, ಅಜ್ಜ-ಮೊಮ್ಮಗಳು: 1/8
ಅಣ್ಣ-ತಂಗಿಯರ ಮಕ್ಕಳು: 1/16

ಗುಣಾಂಕ ಹೆಚ್ಚಾದ ಹಾಗೆ ಮರಿಗಳ ಸಂಖ್ಯೆ ಇಳಿಯಬಹುದು, ಮರಿಗಳು ಬದುಕುಳಿಯೋದು ಕಷ್ಟವಾಗಬಹುದು.

ಡಾಲ್ಮೇಷಿಯನ್ ಕಥೆ

ಮೈತುಂಬ ಕಪ್ಪು ಚುಕ್ಕೆಯ ಡಾಲ್ಮೇಷಿಯನ್ ನಾಯಿಯನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ಬೇರೆ ನಾಯಿಗಳಲ್ಲಿ ಯಕೃತ್ತು ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾಡುತ್ತೆ. ಈ ತಳಿಯಲ್ಲಿ ಒಂದು ಜೀನ್ ಕೆಟ್ಟಿರುವುದರಿಂದ ಆ ಕೆಲಸ ಸರಿಯಾಗಿ ನಡೆಯೋದಿಲ್ಲ. ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಕೆಲವು ನಾಯಿಗಳಿಗೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತೆ. ತೊಂದರೆ ಏನೆಂದರೆ, ಅಪ್ಪಟ ತಳಿಯ ನಾಯಿಗಳಲ್ಲಿ ಆ ಜೀನಿನ ಒಳ್ಳೆಯ ಪ್ರತಿಯೇ ಉಳಿದಿರಲಿಲ್ಲ! ಒಳಗೇ ಎಷ್ಟು ಆರಿಸಿದರೂ ಇಲ್ಲದ್ದು ಎಲ್ಲಿಂದ ಬರಬೇಕು?

1973ರಲ್ಲಿ ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ ಡಾಲ್ಮೇಷಿಯನ್ನನ್ನು ಪಾಯಿಂಟರ್ ಎಂಬ ಬೇರೆ ತಳಿಯ ನಾಯಿಯೊಂದಿಗೆ ಒಂದು ಸಲ ಜೋಡಿ ಮಾಡಿಸಿದರು. ಆಮೇಲೆ ಪ್ರತಿ ತಲೆಮಾರಿನಲ್ಲೂ ಒಳ್ಳೆಯ ಪ್ರತಿ ಇರುವ ಮರಿಯನ್ನು ಆರಿಸಿ ಮತ್ತೆ ಡಾಲ್ಮೇಷಿಯನ್‌ಗೇ ಜೋಡಿ ಮಾಡಿಸಲಾಯಿತು. ಚುಕ್ಕೆ ಉಳಿಯಿತು, ರೋಗ ಹೋಯಿತು. ಆದರೂ "ಕಲಬೆರಕೆ" ಎಂಬ ಆಕ್ಷೇಪ ದಾಟಿ ಅಮೆರಿಕದ ಕೆನಲ್ ಕ್ಲಬ್ ಈ ನಾಯಿಗಳನ್ನು ಒಪ್ಪಿಕೊಂಡಿದ್ದು 2011ರಲ್ಲಿ. ಬ್ರಿಟನ್ನಿನ ಕೆನಲ್ ಕ್ಲಬ್ಬಂತೂ ಅಪ್ಪ-ಮಗಳು, ತಾಯಿ-ಮಗ, ಅಣ್ಣ-ತಂಗಿ ಜೋಡಿಯ ಮರಿಗಳ ನೋಂದಣಿಯನ್ನು 2009ರಲ್ಲೇ ನಿಲ್ಲಿಸಿತು.

ನಮ್ಮ ರಾಜಪಾಳಯಂ ನಾಯಿಯಲ್ಲೂ ಒಂದು ಪಾಠವಿದೆ. ಹಾಲಿನಂಥ ಬಿಳಿ ಮೈ, ಗುಲಾಬಿ ಮೂಗು ಬೇಕೆಂದೇ ಜನ ಆರಿಸುತ್ತಾರೆ. ಬಣ್ಣ ಕೊಡುವ ಜೀವಕೋಶಗಳು ಒಳಕಿವಿಯ ಕೆಲಸಕ್ಕೂ ಬೇಕು. ಅವು ಅಲ್ಲಿ ಇಲ್ಲದಿದ್ದರೆ ಮರಿ ಕಿವುಡಾಗುತ್ತೆ. ಈ ತಳಿಯಲ್ಲಿ ಕಿವುಡು ಮರಿಗಳು ಹುಟ್ಟುವುದು ಸಾಕುವವರಿಗೆಲ್ಲ ಗೊತ್ತಿರುವ ವಿಷಯ. ಕಾವಲು ನಾಯಿಗೆ ಕಿವಿ ಕೇಳದಿದ್ದರೆ ಬಣ್ಣದಿಂದ ಏನು ಪ್ರಯೋಜನ?

ಹಾಗಾದರೆ ಏನು ಮಾಡಬೇಕು?

ತಳಿ ಬೇಡ ಅಂತಲ್ಲ. ವಂಶಾವಳಿ ಬರೆದಿಡಬೇಕು. ಒಂದೇ ಗಂಡು ನಾಯಿಯನ್ನು ಊರೆಲ್ಲ ಬಳಸಬಾರದು. ರೋಗದ ಮರಿ ಹುಟ್ಟಿದರೆ ಮುಚ್ಚಿಡದೆ, ಅದರ ಅಪ್ಪ-ಅಮ್ಮನನ್ನು ಮತ್ತೆ ಜೋಡಿ ಮಾಡಿಸೋದನ್ನ ನಿಲ್ಲಿಸಬೇಕು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇರುವುದು ಇಂಥ ತಳಿಯನ್ನು ವಿಜ್ಞಾನದ ದಾರಿಯಲ್ಲಿ ಉಳಿಸಲೆಂದೇ.

ನಮ್ಮ ಮೊರಪ್ಪೂರು ಕಡೆ ಜಾತಿ ನಾಯಿಗಿಂತ ಮೇಕೆ ಸಾಕುವ ಮನೆಗಳೇ ಹೆಚ್ಚು. ಲೆಕ್ಕ ಮಾತ್ರ ಅದೇ! ಒಂದೇ ಹೋತವನ್ನು ಮೂರು-ನಾಲ್ಕು ವರ್ಷ ಮಂದೆಯಲ್ಲಿ ಬಿಟ್ಟರೆ ಅದು ತನ್ನ ಮರಿಗಳಿಗೇ ಜೋಡಿಯಾಗುತ್ತೆ, ಗುಣಾಂಕ 1/4. ಎರಡು ವರ್ಷಕ್ಕೊಮ್ಮೆ ಪಕ್ಕದೂರಿನವರ ಜೊತೆ ಹೋತ ಅದಲುಬದಲು ಮಾಡಿಕೊಂಡರೆ ಖರ್ಚಿಲ್ಲದೆ ಅಪಾಯ ತಪ್ಪುತ್ತೆ. ಇದನ್ನು ಮನೆಯಲ್ಲಿ ಹೇಳಿ.

ಮನುಷ್ಯರಿಗೂ ಈ ಲೆಕ್ಕ ಬಿಟ್ಟಿಲ್ಲ. ನಮ್ಮಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿ ಇದೆ. ಆ ಮಕ್ಕಳ ಗುಣಾಂಕ 1/8. ಅತ್ತೆ-ಮಾವನ ಮಕ್ಕಳ ಮದುವೆಯಾದರೆ 1/16. ಇಂಥ ಮನೆಗಳಲ್ಲಿ ಹೆಚ್ಚಿನ ಮಕ್ಕಳು ಆರೋಗ್ಯವಾಗೇ ಹುಟ್ಟುತ್ತಾರೆ, ಯಾರನ್ನೂ ಹೀಯಾಳಿಸುವುದು ಸರಿಯಲ್ಲ. ಆದರೆ ಅಪಾಯ ಹೆಚ್ಚು ಎಂಬುದು ನಿಜ. ಮನೆತನದಲ್ಲಿ ಹುಟ್ಟಿನಿಂದ ಬಂದ ಕಾಯಿಲೆ ಇದ್ದರೆ ಮದುವೆಗೆ ಮೊದಲೇ ವೈದ್ಯರನ್ನು ಕೇಳುವುದು ಜಾಣತನ.

ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಮೇಕೆ, ಹಸು, ನಾಯಿ ಯಾವುದಾದರೂ ಒಂದರ ಮೂರು ತಲೆಮಾರಿನ ವಂಶಾವಳಿ ಬರೆಯಿರಿ. ಒಂದೇ ಹೆಸರು ಎರಡು ಕಡೆ ಬಂತೇ?
2. ವಾಹಕ ಗಂಡು ನಾಯಿಯನ್ನು ಅದರ ಮಗಳೊಂದಿಗೇ ಜೋಡಿ ಮಾಡಿಸಿದರೆ ಮರಿಗೆ ರೋಗ ಬರುವ ಸಂಭವ ಎಷ್ಟು? (ಉತ್ತರ: 1/8. ಹೇಗೆ ಬಂತೆಂದು ನೀವೇ ತೋರಿಸಿ.)