ಮಿದುಳಿನ ಅಲೆಗಳ ಜಟಿಲತೆಗೊಂದು ಅಳತೆ

ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವಾಗ ಹುಟ್ಟುವ ವಿದ್ಯುತ್ತಿನ ಸುಳಿವು ನೆತ್ತಿಯ ಚರ್ಮದಲ್ಲೂ ಸಿಗುತ್ತದೆ. ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯಬೇಕಾದಷ್ಟು ಸಣ್ಣದು ಅದು. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಅದನ್ನು ಮೊದಲ ಬಾರಿ ಮನುಷ್ಯನ ತಲೆಯಿಂದ ದಾಖಲಿಸಿದರು. ಈಗಿನ ಇಇಜಿ ಪರೀಕ್ಷೆ ಅಲ್ಲಿಂದ ಬಂದದ್ದು. ಮೂರ್ಛೆರೋಗದ ಗುರುತನ್ನು ವೈದ್ಯರು ಇಇಜಿಯ ಗೆರೆಗಳಲ್ಲಿ ಕಣ್ಣಿನಿಂದಲೇ ಓದಬಲ್ಲರು. ಖಿನ್ನತೆ, ಸ್ಕಿಜೋಫ್ರೇನಿಯಾ ಎಂಬ ಮನೋರೋಗಗಳಲ್ಲಿ ಅಂಥ ಎದ್ದುಕಾಣುವ ಗುರುತಿಲ್ಲ. ಆದ್ದರಿಂದಲೇ ಸಂಶೋಧಕರು ಗಣಿತದತ್ತ ತಿರುಗಿದರು.

ಅಲೆ ಸರಾಸರಿಗಿಂತ ಮೇಲಿದ್ದಾಗ 1, ಕೆಳಗಿದ್ದಾಗ 0 ಎಂದು ಬರೆದುಕೊಂಡರೆ ಇಇಜಿ ಒಂದು ಉದ್ದದ ಅಂಕಿಸಾಲಾಗುತ್ತದೆ. 01010101 ಎಂಬ ಸಾಲಿನಲ್ಲಿ ಹೊಸದೇನಿಲ್ಲ. ‘01 ನಾಲ್ಕು ಸಲ’ ಎಂದರೆ ಮುಗಿಯಿತು. 01101000ದಂಥ ಸಾಲನ್ನು ಹಾಗೆ ಚುಟುಕಾಗಿ ಹೇಳಲಾಗದು. ಸಾಲಿನಲ್ಲಿ ಎಷ್ಟು ಹೊಸ ತುಣುಕುಗಳು ಬರುತ್ತವೆಂದು ಎಣಿಸಿ ಅದರ ಜಟಿಲತೆಯನ್ನು ಅಳೆಯುವ ಈ ದಾರಿಯನ್ನು ಸಂಶೋಧಕರಾದ ಲೆಂಪೆಲ್ ಮತ್ತು ಜಿವ್ 1976ರಲ್ಲಿ ತೋರಿಸಿದರು. ಕಂಪ್ಯೂಟರಿನ ಜಿಪ್ ಫೈಲುಗಳ ಹಿಂದಿರುವುದೂ ಇವರಿಬ್ಬರ ವಿಚಾರವೇ. ಗೆರೆ ಎಷ್ಟು ಅಂಕುಡೊಂಕಾಗಿದೆ ಎಂಬುದನ್ನು ಅಳೆಯುವ ಇನ್ನೊಂದು ಲೆಕ್ಕವನ್ನು ಜಪಾನಿನ ಹಿಗುಚಿ 1988ರಲ್ಲಿ ಕೊಟ್ಟರು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಮೂರು ದಶಕಗಳ ಇತಿಹಾಸವಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಎನ್. ಪ್ರಧಾನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ನಾರಾಯಣ ದತ್ 1990ರ ದಶಕದಲ್ಲೇ ಇಇಜಿಯನ್ನು ಹೀಗೆ ವಿಶ್ಲೇಷಿಸಿದ್ದರು. 2009ರಲ್ಲಿ ಅವೇ ಎರಡು ಸಂಸ್ಥೆಗಳ ತಂಡವೊಂದು, ಇನ್ನೂ ಔಷಧ ಆರಂಭಿಸದ ಸ್ಕಿಜೋಫ್ರೇನಿಯಾ ರೋಗಿಗಳ ಅಲೆಗಳನ್ನು ಆರೋಗ್ಯವಂತರ ಅಲೆಗಳೊಂದಿಗೆ ಹಿಗುಚಿ ವಿಧಾನದಲ್ಲಿ ಹೋಲಿಸಿತು. ಔಷಧ ಮುಟ್ಟದವರನ್ನೇ ಆರಿಸಿದ್ದು ಜಾಣತನ: ಮಾತ್ರೆಗಳೂ ಅಲೆಗಳನ್ನು ಬದಲಿಸುತ್ತವೆ, ಆಗ ಕಾಯಿಲೆಯ ಪರಿಣಾಮ ಯಾವುದು, ಔಷಧದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ಆಲ್ಜೈಮರ್ ಕಾಯಿಲೆಯಲ್ಲಿ ಜಟಿಲತೆ ಕುಗ್ಗುತ್ತದೆಂದು ಹಲವು ಅಧ್ಯಯನಗಳು ಹೇಳುತ್ತವೆ. ಸ್ಕಿಜೋಫ್ರೇನಿಯಾದಲ್ಲಿ ಉತ್ತರ ಅಷ್ಟು ನೇರವಲ್ಲ. ಔಷಧ ಶುರುಮಾಡದ ಎಳೆಯ ವಯಸ್ಸಿನ ರೋಗಿಗಳಲ್ಲಿ ಹೆಚ್ಚು, ಬಹುಕಾಲದಿಂದ ಔಷಧದಲ್ಲಿರುವ ಹಿರಿಯರಲ್ಲಿ ಕಡಿಮೆ ಕಂಡದ್ದುಂಟು. ತೂಕಡಿಕೆ, ಕಣ್ಣು ಮಿಟುಕಿಸುವುದು, ವಯಸ್ಸು ಎಲ್ಲವೂ ಅಂಕಿಯನ್ನು ಅಲುಗಿಸುತ್ತವೆ. ಗುಂಪುಗಳ ಸರಾಸರಿಯಲ್ಲಿ ತೋರಿದ ವ್ಯತ್ಯಾಸ, ಎದುರಿಗೆ ಕುಳಿತ ಒಬ್ಬ ರೋಗಿಯ ಕಾಯಿಲೆಯನ್ನು ಹೆಸರಿಸಲಾರದು. ಈ ಅಳತೆ ಇಂದು ಸಂಶೋಧನೆಯ ಸಾಧನ, ರೋಗ ಖಚಿತಪಡಿಸುವ ಪರೀಕ್ಷೆಯಲ್ಲ. ಮನೋವೈದ್ಯರು ರೋಗಿಯೊಡನೆ, ಮನೆಯವರೊಡನೆ ಮಾತಾಡಿಯೇ ತೀರ್ಮಾನಿಸುತ್ತಾರೆ.

ಹಾಗಾಗಿ ಯಂತ್ರ ಬರಲೆಂದು ಯಾರೂ ಕಾಯಬೇಕಿಲ್ಲ. ದಾವಣಗೆರೆಯಲ್ಲಾಗಲಿ, ಹರಿಹರದ ಗುತ್ತೂರಿನಲ್ಲಾಗಲಿ, ಮನೆಯಲ್ಲಿ ಯಾರಿಗಾದರೂ ನಿದ್ದೆ ಕೆಟ್ಟು, ಮಾತು ಕಡಿಮೆಯಾಗಿ, ಯಾರೂ ಇಲ್ಲದ ಕಡೆ ದನಿ ಕೇಳುತ್ತಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.