ಹನ್ನೆರಡು ಬೈ ಹನ್ನೆರಡರ ಖೋಲಿಯಲ್ಲಿ ಬೇಸ್ ಎಲ್ಲಿ ಹೋಗುತ್ತದೆ?

ಬೀದರ್, ಭಾಲ್ಕಿ, ಔರಾದ್ ಕಡೆಯವರು ಹೋಮ್ ಥಿಯೇಟರ್ ಕೊಳ್ಳುವುದು ಎರಡು ರೀತಿ. ಊರಿನ ಅಂಗಡಿಯಲ್ಲೇ ಡಬ್ಬಿ ನೋಡಿ ತರುವುದು ಒಂದು. ಹೈದರಾಬಾದಿಗೆ ಹೋಗಿ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಚೌಕಾಸಿ ಮಾಡಿ, ಆಂಪ್ಲಿಫೈಯರ್ ಒಂದು ಕಡೆ, ಸ್ಪೀಕರ್ ಇನ್ನೊಂದು ಕಡೆ ಕೊಂಡು ಬಸ್ಸಿನ ಡಿಕ್ಕಿಗೆ ಹಾಕಿಕೊಂಡು ಬರುವುದು ಇನ್ನೊಂದು. ಎರಡು ಕಡೆಯೂ ಮೊದಲು ಕೇಳುವ ಪ್ರಶ್ನೆ ಒಂದೇ: ‘ಎಷ್ಟ್ ವ್ಯಾಟ್ ಅದರಿ?’ ಅದನ್ನು ಇಡುವ ಖೋಲಿ ಎಷ್ಟು ಉದ್ದ, ಎಷ್ಟು ಅಗಲ ಎಂದು ಅಂಗಡಿಯವರೂ ಕೇಳುವುದಿಲ್ಲ, ಕೊಳ್ಳುವವರೂ ಹೇಳುವುದಿಲ್ಲ. ಕಿವಿಗೆ ಬೀಳುವ ಬೇಸ್‌ನಲ್ಲಿ ಅರ್ಧ ಪಾಲು ಆ ಖೋಲಿಯದೇ.

‘ವ್ಯಾಟ್ ಎರಡು ಪಟ್ಟಾದರೆ ಆವಾಜ್ ಎರಡು ಪಟ್ಟು’

ಡಬ್ಬಿಯ ಮೇಲೆ 5,000 ವ್ಯಾಟ್ ಎಂದು ದಪ್ಪಕ್ಷರ, ಪಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಪಿಎಂಪಿಒ. ಈ ಪಿಎಂಪಿಒಗೆ ಎಲ್ಲರೂ ಒಪ್ಪಿದ ಅಳತೆ ಎಂಬುದೇ ಇಲ್ಲ. ತಯಾರಿಸುವವರು ತಮಗೆ ಬೇಕಾದ ಹಾಗೆ ಲೆಕ್ಕ ಹಾಕಿಕೊಳ್ಳಬಹುದು. ಇಂಥ ಉಬ್ಬಿಸಿದ ಅಂಕಿಗಳ ಹಾವಳಿ ಕಂಡು ಅಮೆರಿಕದಲ್ಲಿ 1974ರಲ್ಲೇ ಆಂಪ್ಲಿಫೈಯರ್ ಶಕ್ತಿಯನ್ನು ಹೇಗೆ ಅಳೆದು ಹೇಳಬೇಕೆಂದು ನಿಯಮ ಬಂತು. ನಾವು ಅಷ್ಟು ದೂರ ಹೋಗಬೇಕಿಲ್ಲ, ಗೋಡೆಯ ಪ್ಲಗ್ ನೋಡಿದರೆ ಸಾಕು. 230 ವೋಲ್ಟಿನ 6 ಆಂಪ್ ಪಿನ್ನಿನಿಂದ ಒಂದೇ ಸಮನೆ ಎಳೆಯಬಹುದಾದದ್ದು ಹೆಚ್ಚೆಂದರೆ 1,380 ವ್ಯಾಟ್. ಒಳಗೆ ಹೋಗದ ಕರೆಂಟು ಹೊರಗೆ ಎಲ್ಲಿಂದ ಬರಬೇಕು? ಡಬ್ಬಿ ಬಿಟ್ಟು ಯಂತ್ರದ ಹಿಂಬದಿಯ ಸ್ಟಿಕ್ಕರ್ ಓದಿ. ಎಷ್ಟು ವಿದ್ಯುತ್ ತಿನ್ನುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ಸ್ಪೀಕರಿಗೆ ಸಿಗುವುದು ಅದಕ್ಕಿಂತ ಕಡಿಮೆ. ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಒಂದೇ ಸಮನೆ ಕೊಡಬಲ್ಲ ಶಕ್ತಿ.

ಆರ್‌ಎಂಎಸ್ ಆದರೂ ಲೆಕ್ಕ ನೇರವಿಲ್ಲ. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ‘ಸ್ವಲ್ಪ ಜಾಸ್ತಿ ಆಯ್ತು’ ಅನ್ನಿಸುತ್ತದೆ, ಅಷ್ಟೆ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು; ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು, 50ಕ್ಕೆ ಬದಲು 500. ಅದಕ್ಕಿಂತ ಸ್ಪೀಕರಿನ ಸೆನ್ಸಿಟಿವಿಟಿ ನೋಡುವುದು ಜಾಣತನ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರಿಗೂ 90 ಕೊಡುವ ಸ್ಪೀಕರಿಗೂ ಇರುವ ಅಂತರ, ಆಂಪ್ಲಿಫೈಯರನ್ನು ಇಮ್ಮಡಿ ಮಾಡಿದಷ್ಟು. ಆದರೆ ಆ ಅಂಕಿಯನ್ನು ದಪ್ಪಕ್ಷರದಲ್ಲಿ ಯಾರೂ ಹಾಕುವುದಿಲ್ಲ.

‘ಬೇಸ್ ಬರುತ್ತಿಲ್ಲ ಅಂದರೆ ವೂಫರ್ ಸಣ್ಣದು’

ಹನ್ನೆರಡಕ್ಕೆ ಹನ್ನೆರಡು ಅಡಿಯ ಖೋಲಿ, ಹತ್ತು ಅಡಿ ಎತ್ತರದ ಸ್ಲ್ಯಾಬು. ಕೆಳಗೆ ಶಹಾಬಾದ್ ಫರ್ಸಿ, ಗೋಡೆಗೆ ಗಿಲಾವು ಮಾಡಿ ಪೇಂಟ್. ಮಗ ಖೋಲಿಯ ನಡುವೆ ಕುರ್ಚಿ ಹಾಕಿಕೊಂಡು ರಿಮೋಟ್ ಒತ್ತುತ್ತಾನೆ, ಬೇಸ್ ಸಾಲದು ಅಂತ ಏರಿಸುತ್ತಲೇ ಇರುತ್ತಾನೆ. ಗೋಡೆಗೆ ಒರಗಿ ಕೂತ ತಾಯಿ ‘ಆವಾಜ್ ಕಮ್ಮಿ ಮಾಡೋ, ಎದಿ ನಡಗ್ಲತ್ತದ’ ಅನ್ನುತ್ತಾಳೆ. ಹಿಂದಿನ ಪತ್ರಾದ ಅಲ್ಮಾರಿ ಗಡಗಡ ಅನ್ನುತ್ತದೆ. ಅವನದೂ ಸುಳ್ಳಲ್ಲ, ಅವಳದೂ ಸುಳ್ಳಲ್ಲ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. 47 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 24 ಅಡಿ, ಅಂದರೆ ಈ ಖೋಲಿಯ ಸರಿಯಾಗಿ ಎರಡರಷ್ಟು. ಎದುರುಬದುರು ಗೋಡೆಗಳ ನಡುವೆ ಆ ಅಲೆ ಹೋಗಿ ಬಂದು ತನ್ನ ಮೇಲೆ ತಾನೇ ಬಿದ್ದು ನಿಂತುಬಿಡುತ್ತದೆ. ಗೋಡೆಯ ಬುಡದಲ್ಲಿ ಒತ್ತಡ ಗರಿಷ್ಠ, ನಟ್ಟನಡುವೆ ಹೆಚ್ಚುಕಮ್ಮಿ ಸೊನ್ನೆ. ಉದ್ದ ಅಗಲ ಎರಡೂ ಒಂದೇ ಆಗಿರುವುದರಿಂದ ಎರಡೂ ದಿಕ್ಕಿನ ಅಲೆ ಒಂದೇ ಸ್ವರದ ಮೇಲೆ ಬೀಳುತ್ತದೆ. ಅದಕ್ಕೇ ಚೌಕ ಖೋಲಿ ಬೇಸ್‌ನ ಮಟ್ಟಿಗೆ ಕೆಟ್ಟದ್ದು. ಹನ್ನೆರಡಕ್ಕೆ ಹದಿನಾರು ಅಡಿ ಇದ್ದರೆ ಒಂದು 47ರಲ್ಲಿ, ಇನ್ನೊಂದು 35ರಲ್ಲಿ ಹಂಚಿಹೋಗುತ್ತಿತ್ತು. (ಬೀದರಿನ ಮೇ ತಿಂಗಳ 40 ಡಿಗ್ರಿಯಲ್ಲಿ ಶಬ್ದದ ವೇಗ ಸುಮಾರು 355ಕ್ಕೆ ಏರುತ್ತದೆ; ಆಗ ಈ 47 ಒಂದೂವರೆ ಹರ್ಟ್ಜ್ ಮೇಲೆ ಸರಿಯುತ್ತದೆ. ಚಿಂತಿಸುವಂಥದ್ದಲ್ಲ.) ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್ ಹತ್ತಿರ ಮಿಡಿಯುತ್ತದೆ. ಹಾಡಿನಲ್ಲಿ ಗಿಟಾರು ಆ ಆಸುಪಾಸಿನ ಸ್ವರಗಳಲ್ಲಿ ಓಡಾಡುವಾಗ ಗೋಡೆಯ ಹತ್ತಿರ ಒಂದೇ ಸ್ವರ ‘ಗುಂ’ ಎಂದು ಉಬ್ಬಿ ಮಿಕ್ಕವು ಹಿಂದೆ ಬೀಳುತ್ತವೆ; ನಡುವೆ ಕೂತವನಿಗೆ ಆ ಸ್ವರವೇ ಕಾಣೆ.

ಹಾಗಾಗಿ ಎಂಟು ಇಂಚಿನ ವೂಫರ್ ಮಾರಿ ಹದಿನೈದು ಇಂಚಿನದು ತಂದರೂ ಮಗನ ಕುರ್ಚಿಗೆ ಬೇಸ್ ಬರುವುದಿಲ್ಲ. ತಾಯಿಯ ಎದೆ ಇನ್ನಷ್ಟು ನಡುಗುತ್ತದೆ. ಕುರ್ಚಿಯನ್ನು ಮೂರು ಅಡಿ ಹಿಂದಕ್ಕೆ ಎಳೆದರೆ ಒಂದು ಪೈಸೆ ಖರ್ಚಿಲ್ಲದೆ ಅರ್ಧ ಸಮಸ್ಯೆ ಮುಗಿಯುತ್ತದೆ.

ವೂಫರ್ ಎಲ್ಲಿಡಬೇಕು ಎಂಬುದಕ್ಕೂ ನಮ್ಮಲ್ಲಿ ಸಿದ್ಧ ಉತ್ತರವಿದೆ: ಮೂಲೆಗೆ. ಮೂಲೆಯಲ್ಲಿ ಸದ್ದು ಅತಿ ಜೋರು, ನಿಜ. ಆದರೆ ಖೋಲಿಯ ಎಲ್ಲ ನಿಂತ ಅಲೆಗಳೂ ಒಟ್ಟಿಗೇ ಕೆರಳುವುದೂ ಅಲ್ಲೇ. ಸರಿಯಾದ ಜಾಗ ಹುಡುಕುವ ಒಂದು ಹಳೆಯ ಉಪಾಯ ನೋಡಲು ತಮಾಷೆಯಾಗಿದ್ದರೂ ಭೌತಶಾಸ್ತ್ರ ಪಕ್ಕಾ. ವೂಫರನ್ನು ಎತ್ತಿ ನೀವು ಕೂರುವ ಕುರ್ಚಿಯ ಮೇಲೇ ಇಡಿ. ಬೇಸ್ ಗಿಟಾರು ಮೇಲೆ ಕೆಳಗೆ ಓಡಾಡುವ ಒಂದು ಹಾಡು ಹಾಕಿ. ಆಮೇಲೆ ಗೋಡೆಯಂಚಿಗೆ ಕುಕ್ಕರುಗಾಲಿನಲ್ಲಿ, ಕಿವಿ ನೆಲದ ಹತ್ತಿರ ಇಟ್ಟುಕೊಂಡು ಒಂದು ಸುತ್ತು ಬನ್ನಿ. ಒಂದು ಕಡೆ ಗುಡುಗುಡು, ಎರಡಡಿ ಸರಿದರೆ ಏನೂ ಇಲ್ಲ, ಮತ್ತೊಂದು ಕಡೆ ಎಲ್ಲ ಸ್ವರವೂ ಸಮ. ಸಮವಾಗಿ ಕೇಳಿದ ಜಾಗದಲ್ಲಿ ವೂಫರ್ ಇಡಿ. ಕೂರುವ ಜಾಗವೂ ವೂಫರಿನ ಜಾಗವೂ ಅದಲುಬದಲಾದರೂ ಅಲೆಯ ಲೆಕ್ಕ ಬದಲಾಗುವುದಿಲ್ಲವಾದ್ದರಿಂದ ಇದು ನಡೆಯುತ್ತದೆ. ಮನೆಮಂದಿ ನಗುತ್ತಾರೆ, ನಗಲಿ ಬಿಡಿ.

ದುಡ್ಡು ಇದ್ದರೆ ಒಂದು ದೊಡ್ಡದರ ಬದಲು ಎರಡು ಸಣ್ಣವು ತನ್ನಿ. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಇಟ್ಟರೆ ಎರಡೂ ಒಟ್ಟಿಗೇ ನೂಕುವುದರಿಂದ ಆ ದಿಕ್ಕಿನ ಮೊದಲ ನಿಂತ ಅಲೆ ಬಹುಪಾಲು ಅಡಗುತ್ತದೆ. ಎರಡು ವೂಫರ್ ಬೇಕಾದದ್ದು ಸದ್ದಿಗಲ್ಲ, ಸಮಕ್ಕೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಶಬ್ದ ಎಲ್ಲಿಂದ ಬಂತೆಂದು ಕಿವಿಗೆ ಗೊತ್ತಾಗದ ಕಾರಣ, ವೂಫರ್ ಟಿವಿಯ ಪಕ್ಕವೇ ಇರಬೇಕೆಂಬ ಕಟ್ಟಳೆಯೂ ಇಲ್ಲ. ಶೋಕೇಸಿನ ಒಳಗಂತೂ ಬೇಡ.

‘ಮೈಕ್ ಇಟ್ಟರೆ ಮಷೀನೇ ಎಲ್ಲ ಸರಿ ಮಾಡುತ್ತದೆ’

ಈಗಿನ ಎವಿ ರಿಸೀವರ್‌ಗಳ ಜೊತೆ ಒಂದು ಪುಟ್ಟ ಮೈಕ್ ಬರುತ್ತದೆ. ಯಾಮಾಹಾದಲ್ಲಿ ವೈಪಾವೊ, ಡೆನನ್ ಮತ್ತು ಮರಾಂಟ್ಜ್‌ಗಳಲ್ಲಿ ಆಡಿಸ್ಸಿ, ಇನ್ನು ಕೆಲವದರಲ್ಲಿ ಸ್ವೀಡನ್ನಿನ ಡಿರಾಕ್. ಸ್ಪೀಕರುಗಳು ‘ಹೂಂಯ್’ ಎಂದು ಕೂಗುತ್ತವೆ, ಮೈಕ್ ಕೇಳಿಸಿಕೊಳ್ಳುತ್ತದೆ, ಯಂತ್ರ ಲೆಕ್ಕ ಹಾಕುತ್ತದೆ. ಯಾವ ಸ್ಪೀಕರ್ ಎಷ್ಟು ದೂರ, ಎಷ್ಟು ಜೋರು ಎಂಬುದನ್ನು ಸರಿದೂಗಿಸುವುದರಲ್ಲಿ ಇವು ಗಟ್ಟಿಗರು. ಗೋಡೆಯ ಹತ್ತಿರ ಉಬ್ಬಿದ 47 ಹರ್ಟ್ಜ್‌ನಂಥ ಸ್ವರವನ್ನು ತಗ್ಗಿಸುವುದೂ ಸಾಧ್ಯ. ಉಬ್ಬಿದ್ದನ್ನು ಕಡಿಯಬಹುದು, ಇಲ್ಲದ್ದನ್ನು ತುಂಬಲಾಗದು. ನಡುಖೋಲಿಯ ಸೊನ್ನೆಗೆ 10 ಡೆಸಿಬೆಲ್ ಹೆಚ್ಚು ಕೊಡಲು ಹೋದರೆ ಆಂಪ್ಲಿಫೈಯರಿಗೆ ಹತ್ತು ಪಟ್ಟು ಕೆಲಸ, ವೂಫರಿನ ಕೋನ್‌ಗೆ ಹರಿಯುವಷ್ಟು ಜಗ್ಗಾಟ. ಎದ್ದ ಅಲೆಯಷ್ಟೇ ಅದನ್ನು ಕೊಲ್ಲುವ ಅಲೆಯೂ ಬೆಳೆಯುವುದರಿಂದ ಸೊನ್ನೆ ಸೊನ್ನೆಯಾಗೇ ಉಳಿಯುತ್ತದೆ. ಮೊದಲು ಕುರ್ಚಿ, ವೂಫರ್ ಸರಿಸಿ, ಮೈಕ್ ಆಮೇಲೆ.

ಅಳೆಯುವಾಗ ನಮ್ಮೂರಿನದೇ ತೊಂದರೆಗಳಿವೆ. ಕೂಲರ್ ಬಂದ್ ಮಾಡಬೇಕು, ಫ್ಯಾನ್ ನಿಲ್ಲಿಸಬೇಕು, ಕುಕ್ಕರಿನ ಸೀಟಿ ಮುಗಿಯಲು ಕಾಯಬೇಕು. ಬೀದರ್ ವಾಯುನೆಲೆಯಿಂದ ಹಾಕ್ ತರಬೇತಿ ವಿಮಾನಗಳು ಏಳುವ ಹೊತ್ತಿನಲ್ಲಿ ಮೈಕ್ ಇಡುವುದು ವ್ಯರ್ಥ. ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ತವರಿನಲ್ಲಿ ಇದೊಂದನ್ನು ನೆನಪಿಡಬೇಕು. ಮೈಕನ್ನು ಕೈಯಲ್ಲಿ ಹಿಡಿಯುವುದು, ಸೋಫಾದ ಬೆನ್ನಿನ ಮೇಲೆ ಇಡುವುದು ಎರಡೂ ತಪ್ಪು. ಸ್ಟ್ಯಾಂಡಿನ ಮೇಲೆ, ಕೂತಾಗಿನ ಕಿವಿಯ ಎತ್ತರಕ್ಕೆ ಇರಬೇಕು.

ಅಳತೆ ಮುಗಿದ ಮೇಲೆ ಇನ್ನೊಂದು ಗೊಂದಲ. ವೂಫರ್ ಇರುವುದು 9 ಅಡಿ ದೂರದಲ್ಲಿ, ಪರದೆಯ ಮೇಲೆ 16 ಅಡಿ ಎಂದು ಬಂದಿರುತ್ತದೆ. ಮಷೀನು ತಪ್ಪಿತೆಂದು ಟೇಪ್ ಹಿಡಿದು ಅಳೆದು 9 ಎಂದು ತಿದ್ದುವವರಿದ್ದಾರೆ. ತಿದ್ದಬೇಡಿ. ವೂಫರಿನ ಒಳಗಿನ ಸರ್ಕ್ಯೂಟಿನಲ್ಲಿ ಶಬ್ದ ತುಸು ತಡವಾಗುತ್ತದೆ. ಆ ತಡವನ್ನೂ ಯಂತ್ರ ಅಡಿಗಳಲ್ಲೇ ಸೇರಿಸಿ ಹೇಳಿದೆ. ಸ್ಪೀಕರುಗಳನ್ನು ‘ಲಾರ್ಜ್’ ಎಂದು ಇಟ್ಟುಕೊಳ್ಳುವ ಚಪಲವನ್ನೂ ಬಿಡಬೇಕು. ‘ಸ್ಮಾಲ್’ ಎಂದಿಟ್ಟು 80 ಹರ್ಟ್ಜ್‌ಗೆ ಕ್ರಾಸ್‌ಓವರ್ ಕೊಟ್ಟರೆ ಕೆಳಸ್ವರಗಳ ಹೊರೆ ವೂಫರಿಗೆ ಹೋಗಿ, ಸಣ್ಣ ಸ್ಪೀಕರುಗಳಲ್ಲಿ ಮಾತು ತಿಳಿಯಾಗುತ್ತದೆ.

‘ಮೊಟ್ಟೆ ಟ್ರೇ, ಫೋಮ್ ಹಚ್ಚಿದರೆ ಸ್ಟುಡಿಯೋ ಆಗುತ್ತದೆ’

ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಗೋರಿಯ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ಹೊಡೆದವರಿಗೆ ಗೊತ್ತು, ಸದ್ದು ಹೋಗಲೊಲ್ಲದು. ಗಟ್ಟಿ ಕಲ್ಲು, ಗಾರೆ ಶಬ್ದವನ್ನು ಹೀರುವುದಿಲ್ಲ, ತಿರುಗಿಸಿ ಎಸೆಯುತ್ತವೆ. ಫರ್ಸಿ, ಸ್ಲ್ಯಾಬು, ಗಿಲಾವಿನ ಖಾಲಿ ಖೋಲಿಯಲ್ಲೂ ಲೆಕ್ಕದ ಪ್ರಕಾರ ಸದ್ದು ಆರಲು 2 ಸೆಕೆಂಡಿಗೂ ಮೇಲೆ ಹಿಡಿಯುತ್ತದೆ. ಸಿನಿಮಾದ ಮಾತು ಬಿಡಿಬಿಡಿಯಾಗಿ ತಿಳಿಯಲು ಅದು ಅರ್ಧ ಸೆಕೆಂಡಿಗಿಂತ ಕಡಿಮೆ ಇರಬೇಕು. ಈ ಲೆಕ್ಕ ಕೊಟ್ಟವರು ಹಾರ್ವರ್ಡ್‌ನ ವ್ಯಾಲೆಸ್ ಸೇಬಿನ್. ಮಾತು ಕೇಳದ ಒಂದು ಪಾಠದ ಸಭಾಂಗಣವನ್ನು ಸರಿಪಡಿಸಲು 1895ರಲ್ಲಿ ಹೊರಟ ಅವರು, ಬೇರೊಂದು ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ಹೊತ್ತು ತರಿಸಿ, ರಾತ್ರಿ ಹೊತ್ತು ಒಂದೊಂದಾಗಿ ಹರಡಿ ಸದ್ದು ಎಷ್ಟು ಬೇಗ ಆರುತ್ತದೆಂದು ಅಳೆದರು.

ನಮ್ಮ ಮನೆಗಳಲ್ಲಿ ಆ ಮೆತ್ತೆಯ ಕೆಲಸಕ್ಕೆ ಗಾದಿ, ಜಮಖಾನ, ದಪ್ಪ ಪರದೆ ಸಾಕು. ಹಳೆಯ ಸೀರೆಗಳನ್ನು ಪದರ ಪದರ ಹೊಲಿದ ಕೌದಿಯನ್ನು ಗೋಡೆಯಿಂದ ನಾಲ್ಕು ಬೆರಳು ದೂರ ತೂಗು ಹಾಕಿದರೆ ಅಂಗಡಿಯ ತೆಳು ಫೋಮಿಗಿಂತ ಕಡಿಮೆಯೇನಲ್ಲ, ನೋಡಲೂ ಚೆಂದ. ಮೊಟ್ಟೆ ಟ್ರೇ ತೆಳು ರಟ್ಟು. ಧೂಳು, ಜಿರಳೆ, ಬೆಂಕಿಯ ಭಯ ಬಿಟ್ಟರೆ ಅದರಿಂದ ಬರುವುದು ಬಹಳ ಕಡಿಮೆ. ಇವೆಲ್ಲ ಮಾತು, ತಾಳಗಳ ಮೇಲುಸ್ವರಗಳಿಗಾಯಿತು. ಬೇಸ್‌ಗೆ ಇವು ಲೆಕ್ಕಕ್ಕಿಲ್ಲ: 50 ಹರ್ಟ್ಜ್ ಅಲೆಯನ್ನು ಮೆತ್ತೆಯಿಂದಲೇ ಚೆನ್ನಾಗಿ ಹೀರಬೇಕಾದರೆ ಅಲೆಯ ಕಾಲುಭಾಗ, ಅಂದರೆ 1.7 ಮೀಟರ್ ದಪ್ಪ ಬೇಕು. ಹಳೆಯ ತೊಲೆ-ಜಂತಿಯ ಮಾಳಿಗೆ ಮನೆಗಳೂ ಪತ್ರಾದ ಮನೆಗಳೂ ಈ ವಿಷಯದಲ್ಲಿ ಸ್ಲ್ಯಾಬಿನ ಮನೆಗಿಂತ ವಾಸಿ. ಮೇಲ್ಛಾವಣಿ ತಾನೇ ಅದುರಿ ಒಂದಿಷ್ಟು ಬೇಸ್ ತಿನ್ನುತ್ತದೆ, ಹೊರಗೂ ಬಿಡುತ್ತದೆ. ಸದ್ದನ್ನು ಮೇಲಕ್ಕೆ ಹಾರಿಸುವ ಅಟ್ಮಾಸ್ ಸ್ಪೀಕರಿಗೆ ಮಾತ್ರ ಚಪ್ಪಟೆಯಾದ ಬರಿ ಸ್ಲ್ಯಾಬೇ ಬೇಕು. ಶಬ್ದ ಅದಕ್ಕೆ ಬಡಿದೇ ಕೆಳಗೆ ಬರಬೇಕಾದ್ದರಿಂದ ಅಲ್ಲಿ ಫೋಮ್ ಹಚ್ಚಬೇಡಿ.

ಕೇಬಲ್ ಮಾತು ಎರಡು ಸಾಲಿನದು. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಐದು ಮೀಟರ್ ದೂರಕ್ಕೆ ಹೋಗಿಬರುವಾಗ ಒಡ್ಡುವ ಪ್ರತಿರೋಧ ಸುಮಾರು 0.12 ಓಮ್, 8 ಓಮ್ ಸ್ಪೀಕರಿನ ಮುಂದೆ ಅದು ಏನೂ ಅಲ್ಲ. ಸಾವಿರಾರು ರೂಪಾಯಿಯ ಕೇಬಲ್ ಬೇಡ. ಆದರೆ ವೂಫರಿನಲ್ಲಿ ‘ಗುಂಯ್’ ಹಮ್ ಬಂದಾಗ ಮೂರು ಪಿನ್ನಿನ ಪ್ಲಗ್‌ನ ಅರ್ಥಿಂಗ್ ಪಿನ್ ಮುರಿದುಹಾಕುವ ಚಾಳಿ ಇದೆಯಲ್ಲ, ಅದು ಜೀವಕ್ಕೇ ಕುತ್ತು. ಟಿವಿ, ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿನಿಂದ ಕೊಟ್ಟು ನೋಡಿ, ಡಿಶ್ ಅಥವಾ ಕೇಬಲ್‌ನ ವೈರ್ ಒಮ್ಮೆ ಕಳಚಿ ನೋಡಿ. ಬಹಳ ಸಲ ಹಮ್ ಬರುವುದು ಅಲ್ಲಿಂದಲೇ.

‘ಆ್ಯಪ್‌ನಲ್ಲಿ ಡೆಸಿಬೆಲ್ ಕಮ್ಮಿ ಅದ, ಪಕ್ಕದವರಿಗೆ ಏನು ತ್ರಾಸ?’

ಫೋಮ್ ಹಚ್ಚಿದರೆ ಸದ್ದು ಹೊರಗೆ ಹೋಗದು ಎಂಬುದು ಇದರ ಒಡಹುಟ್ಟಿದ ನಂಬಿಕೆ. ಹೀರುವುದು ಬೇರೆ, ತಡೆಯುವುದು ಬೇರೆ. ತಡೆಯಲು ತೂಕವಿರುವ ಗೋಡೆ ಬೇಕು, ಬಾಗಿಲ ಸಂದಿನಲ್ಲಿ ಗಾಳಿಯೂ ನುಸುಳಬಾರದು. ಆಗಲೂ ಬೇಸ್ ದಾಟಿಹೋಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಖಾಸಗಿ ಮನೆಯ ಸದ್ದು ತನ್ನ ಎಲ್ಲೆಯಲ್ಲಿ ಇದಕ್ಕಿಂತ 5ಕ್ಕೂ ಹೆಚ್ಚು ಮೀರಕೂಡದು. ಈ ರಾತ್ರಿ ಎಂದರೆ 10ರಿಂದ ಬೆಳಗಿನ 6. ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುವವರ ನಿದ್ದೆ ಆ ಗಡಿಯಾರದಲ್ಲಿ ಇಲ್ಲ.

ಅದಿರಲಿ, ಈ ಡೆಸಿಬೆಲ್‌ಗಳು ‘ಎ’ ತೂಕದವು. ಮೆಲ್ಲನೆಯ ಸದ್ದಿನಲ್ಲಿ ಕಿವಿ ಬೇಸ್ ಅನ್ನು ಕಡಿಮೆ ಕೇಳುತ್ತದೆಂಬ ಆಧಾರದ ಮೇಲೆ 50 ಹರ್ಟ್ಜ್‌ನಲ್ಲಿ ಅಳತೆಯಿಂದ ಸುಮಾರು 30 ಡೆಸಿಬೆಲ್ ಕಳೆದುಬಿಡುತ್ತವೆ. ಗೋಡೆಯಾಚೆ 78 ಡೆಸಿಬೆಲ್‌ನ ಗುಡುಗಾಟವಿದ್ದರೂ ಆ್ಯಪ್ 48 ತೋರಿಸಿ ಸುಮ್ಮನಾಗುತ್ತದೆ, ಅದೂ ಫೋನಿನ ಮೈಕ್ ಬೇಸ್ ಅನ್ನು ಪೂರ್ತಿ ಹಿಡಿದರೆ. ಪಕ್ಕದ ಮನೆಯ ಪಾತ್ರೆ ಅದುರುತ್ತಿದೆ ಎಂದು ಅವರು ಬಂದರೆ ಆ್ಯಪ್ ತೋರಿಸಿ ಜಗಳಕ್ಕೆ ನಿಲ್ಲಬೇಡಿ. ರಿಸೀವರಿನಲ್ಲಿ ನೈಟ್ ಮೋಡ್ ಹಾಕಿ, ವೂಫರಿನ ಹಿಂದಿನ ಗುಂಡಿಯನ್ನು ಒಂದು ಗೆರೆ ಇಳಿಸಿ, ವೂಫರ್ ಇಬ್ಬರ ನಡುವಿನ ಗೋಡೆಗೆ ತಾಗಿದ್ದರೆ ಆಚೆ ಗೋಡೆಗೆ ಸರಿಸಿ, ಅವರ ಮನೆಯಲ್ಲೇ ನಿಂತು ಒಮ್ಮೆ ಕೇಳಿ ಬನ್ನಿ.